ಐದೂಮುಕ್ಕಾಲು ಗಂಟೆಯ ದಾರಿ

ನವೆಂಬರ್ 9, 2025, ಭಾನುವಾರ, ಅರಸೀಕೆರೆ

ಬೇಲೂರಿನಿಂದ ವಿಜಯಣ್ಣನ ಫೋನು. ನಾನು ಒಲೆಯ ಮೇಲೆ ಸಾರು ಇಟ್ಟಿದ್ದೆ. ‘ಕೋಮಲ, ಒಂದ್ ನಿಮಿಷ ಕೂತ್ಕೊಂಡು ಕೇಳು’ ಅಂದ. ಅರವತ್ತೆರಡರ ವಯಸ್ಸಿನಲ್ಲಿ ಕೂತು ಕೇಳುವ ಸುದ್ದಿ ಎಂದರೆ ಯಾರಾದರೂ ಹೋಗಿರಬೇಕು. ಯಾರಿರಬಹುದು ಎಂದು ಮನಸ್ಸಿನಲ್ಲೇ ಪಟ್ಟಿ ಓದಿಕೊಂಡೆ. ಯಾರೂ ಹೋಗಿರಲಿಲ್ಲ. ಬರುತ್ತಿದ್ದಾನಂತೆ, ನನ್ನ ತಮ್ಮ ಯೋಗನರಸಿಂಹ, ಲಂಡನ್ನಿನಿಂದ. ಈ ಸಲ ಅಮ್ಮನ ತಿಥಿಯನ್ನು ಬೇಲೂರಿನ ಮನೆಯಲ್ಲೇ ಮಾಡಬೇಕಂತೆ. ಡಿಸೆಂಬರ್ ಹನ್ನೆರಡಕ್ಕೆ.

‘ಮಾಡಲಿ, ನನ್ನನ್ನೇನು ಕೇಳೋದು?’

‘ಅಕ್ಕ ಒಪ್ಪಿದ್ರೆ ಮಾತ್ರ ಟಿಕೆಟ್ ತಗೋತೀನಿ ಅಂದಿದಾನಮ್ಮ.’

‘ನಾನೇನು ಸಿಗ್ನಲ್ಲಾ, ನಾನು ಕೈ ಇಳಿಸಿದ್ರೆ ಇವನು ಬರೋಕೆ?’

ವಿಜಯಣ್ಣ ನಕ್ಕ. ದೊಡ್ಡಪ್ಪನ ಮಗ, ಈಗ ಬೇಲೂರಿನ ಮನೆಯಲ್ಲಿ ಇರುವವನು ಅವನೇ. ಅಮ್ಮನ ಚಿತೆಗೆ ಬೆಂಕಿ ಇಟ್ಟವನೂ ಅವನೇ. ಇಡಬೇಕಾದವನು ಬಂದಿರಲಿಲ್ಲವಲ್ಲ.

‘ಬರೋದಾದ್ರೆ ಬರಲಿ’ ಎಂದು ಫೋನಿಟ್ಟೆ. ಅಷ್ಟರಲ್ಲಿ ಸಾರು ಉಕ್ಕಿ ಒಲೆ ಆರಿತ್ತು. ಅನ್ನಕ್ಕೆ ಮೊಸರು ಕಲಸಿಕೊಂಡು ತಿಂದೆ.

ನವೆಂಬರ್ 10, ಸೋಮವಾರ

ಅವನ ಮೇಲೆ ನನ್ನ ದೂರು ಏನು ಎಂಬುದನ್ನು ಇಲ್ಲಿ ಸರಿಯಾಗಿ ಬರೆದುಬಿಡುತ್ತೇನೆ. ಎದುರಿಗೆ ಬಂದಾಗ ತಡಬಡಿಸುವುದು ಬೇಡ.

ಅರಸೀಕೆರೆ ಜಂಕ್ಷನ್ನಿನ ವಿಚಾರಣೆ ಕಿಟಕಿಯಲ್ಲಿ ಮೂವತ್ತಾರು ವರ್ಷ ಕೂತವಳು ನಾನು. ಮೈಕೂ ನನ್ನದೇ. ಹುಬ್ಬಳ್ಳಿಗೆ ಎಷ್ಟು ಹೊತ್ತು, ಮೈಸೂರಿಗೆ ಎಷ್ಟು ಹೊತ್ತು, ಬೀರೂರಿನಲ್ಲಿ ಶಿವಮೊಗ್ಗದ ಗಾಡಿ ಸಿಗುತ್ತದೆಯೇ, ಕೇಳಿದವರಿಗೆಲ್ಲ ಪುಸ್ತಕ ತೆರೆಯದೆ ಹೇಳಿದ್ದೇನೆ. ತಲುಪುವ ಸಮಯದಿಂದ ಹೊರಡುವ ಸಮಯ ಕಳೆದರೆ ದಾರಿಯ ಹೊತ್ತು. ನನ್ನ ವಿದ್ಯೆಯೆಲ್ಲ ಇಷ್ಟೇ, ಆದರೆ ಅದರಲ್ಲಿ ನಾನು ತಪ್ಪಿದವಳಲ್ಲ.

2009ರ ಜೂನ್‌ನಲ್ಲಿ ಅವನು ಹೋದ. ಲಂಡನ್ನಿನ ಹೊರಗೆ ನಮ್ಮವರು ಕಟ್ಟಿಕೊಂಡ ಒಂದು ದೇವಸ್ಥಾನದಲ್ಲಿ ಮಡಪ್ಪಳ್ಳಿಯ ಕೆಲಸ. ಮಡಪ್ಪಳ್ಳಿ ಎಂದರೆ ದೇವರ ಅಡುಗೆಮನೆ, ನಮ್ಮಪ್ಪನೂ ಬದುಕಿನುದ್ದಕ್ಕೂ ಮಾಡಿದ್ದು ಅದನ್ನೇ. ಹೊರಡುವ ದಿನ ಟಿಕೆಟ್ಟಿನ ಒಂದು ಪ್ರತಿ ಅಮ್ಮನ ಕೈಗೆ ಕೊಟ್ಟ. ಬೆಂಗಳೂರು ಬೆಳಿಗ್ಗೆ 7.10, ಲಂಡನ್ ಮಧ್ಯಾಹ್ನ 12.55. ಅಲ್ಲೇ ನಿಂತು ಕಳೆದೆ. ಐದೂಮುಕ್ಕಾಲು ಗಂಟೆ. ‘ಅಳಬೇಡಮ್ಮ, ಅರಸೀಕೆರೆಯಿಂದ ರೈಲು ಹತ್ತಿ ಹುಬ್ಬಳ್ಳಿ ದಾಟಿದಷ್ಟು ಹೊತ್ತು, ಅಷ್ಟೇ’ ಅಂದೆ. ಅಮ್ಮ ಕಣ್ಣೊರೆಸಿಕೊಂಡಳು. ಯಾರು ಕೇಳಿದರೂ ‘ನನ್ ಮಗ ಐದೂಮುಕ್ಕಾಲು ಗಂಟೆ ದೂರದಲ್ಲಿದಾನೆ’ ಅನ್ನುತ್ತಿದ್ದಳು. ನಡುವೆ ಅವನು ಎರಡು ಸಲ ದುಬೈ ಮೇಲೆ ಹಾಯ್ದು ಬಂದಾಗ ಒಂದು ದಿನವೇ ಹಿಡಿಯಿತೆಂದ. ಗಾಡಿ ಬದಲಾಯಿಸಿದರೆ ಹೊತ್ತಾಗುವುದು ಸಹಜ. ನೇರ ಗಾಡಿಗೆ ಐದೂಮುಕ್ಕಾಲೇ.

2017ರ ಡಿಸೆಂಬರ್ 11. ಬೆಳಗಿನ ಐದು ಹತ್ತಕ್ಕೆ ಅಮ್ಮ ಹೋದಳು. ಐದೂವರೆಗೆ ಅವನಿಗೆ ಫೋನ್ ಮಾಡಿದೆ. ‘ಹೊರಡ್ತೀನಿ ಅಕ್ಕ, ಕಾಯ್ತಿರು’ ಅಂದ. ಬೆಂಗಳೂರಿಗೆ ಐದೂಮುಕ್ಕಾಲು, ಅಲ್ಲಿಂದ ಬೇಲೂರಿಗೆ ಕಾರಿನಲ್ಲಿ ಐದು. ನಾಲ್ಕೂಕಾಲಿಗೆ ಬಾಗಿಲಲ್ಲಿರಬೇಕು.

ನಮ್ಮ ಬೀದಿಯಲ್ಲೊಂದು ಕಟ್ಟಳೆ ಇದೆ. ಯಾರ ಮನೆಯಲ್ಲಿ ಸಾವಾದರೂ ಹೆಣ ಬೀದಿ ದಾಟುವ ತನಕ ನಮ್ಮ ಪುಟ್ಟ ಗುಡಿಯ ನರಸಿಂಹದೇವರಿಗೆ ನೈವೇದ್ಯವಿಲ್ಲ. ದೇವರು ಉಣ್ಣದೆ ಬೀದಿಯೂ ಉಣ್ಣುವಂತಿಲ್ಲ. ಅದಕ್ಕೇ ಹನ್ನೊಂದರೊಳಗೆ ಎತ್ತಿಬಿಡುವುದು ವಾಡಿಕೆ. ನಾನು ಎತ್ತಗೊಡಲಿಲ್ಲ. ಮಗ ಬರುತ್ತಿದ್ದಾನೆ, ಕಾಯಿರಿ ಎಂದೆ. ಹನ್ನೆರಡಾಯಿತು, ಎರಡಾಯಿತು. ಗುಡಿಯ ಪೂಜೆ, ಬೀದಿಯ ಪೌರೋಹಿತ್ಯ ಎರಡೂ ರಘುರಾಮ ಭಟ್ಟರದು. ಅವರು ಮೂರು ಸಲ ಬಂದರು. ಮೂರನೆಯ ಸಲ, ‘ದೇವರನ್ನ ಉಪವಾಸ ಕೆಡವಿದೀಯಲ್ಲಮ್ಮ, ನಿಮ್ಮಪ್ಪ ಇದ್ದಿದ್ರೆ ಸಹಿಸ್ತಿದ್ನಾ?’ ಎಂದು ಎಲ್ಲರೆದುರು ಕೇಳಿದರು. ತಲೆ ತಗ್ಗಿಸಿ ನಿಂತೆ.

ನಾಲ್ಕು ಇಪ್ಪತ್ತಕ್ಕೆ ಅವನ ಫೋನ್ ಬಂತು. ‘ಅಕ್ಕ, ಏರ್‌ಪೋರ್ಟ್‌ನಲ್ಲಿದೀನಿ.’ ‘ಬೆಂಗಳೂರಲ್ಲಾ?’ ‘ಇಲ್ಲ, ಲಂಡನ್ನಲ್ಲೇ. ಇಲ್ಲೀಗ ಬೆಳಿಗ್ಗೆ...’ ಹನ್ನೊಂದು ಗಂಟೆ ಹೊತ್ತು ದೇವರನ್ನೂ ಬೀದಿಯನ್ನೂ ಹಸಿವಿನಲ್ಲಿ ನಿಲ್ಲಿಸಿದವಳಿಗೆ ಅಲ್ಲಿ ಬೆಳಿಗ್ಗೆಯಾದರೇನು, ಸಂಜೆಯಾದರೇನು. ‘ಇನ್ನೂ ಹೊರಟೇ ಇಲ್ಲವಲ್ಲ, ಬರೋದೇ ಬೇಡ ನೀನು. ಬಂದ್ರೂ ಬಾಗಿಲು ತೆಗೆಯಲ್ಲ’ ಎಂದು ಇಟ್ಟುಬಿಟ್ಟೆ. ಬರಲಿಲ್ಲ.

ಇದೇ ದೂರು. ಓದಿ ನೋಡಿದೆ. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

ನವೆಂಬರ್ 13, ಗುರುವಾರ

ಟಿಕೆಟ್ ಆಯಿತಂತೆ. ಹನ್ನೆರಡರ ಬೆಳಗಿನ ನಾಲ್ಕೂವರೆಗೆ ಬೆಂಗಳೂರಿನಲ್ಲಿ ಇಳಿಯುತ್ತಾನೆ. ನನಗೇನಾಗಬೇಕು.

ನವೆಂಬರ್ 18, ಮಂಗಳವಾರ

ತಿಥಿಯ ಏರ್ಪಾಡು ಮಾತಾಡಲು ಬೇಲೂರಿಗೆ ಹೋಗಿಬಂದೆ. ಜಾವಗಲ್ ಮೇಲೆ ಹೋಗುವ ಬಸ್ಸು. ಹಳೇಬೀಡಿನಲ್ಲಿ ಶಾಲೆಯ ಮಕ್ಕಳು ಹತ್ತಿ, ಬಸ್ಸೆಲ್ಲ ಕಿತ್ತಳೆಹಣ್ಣಿನ ವಾಸನೆ. ನನ್ನ ಪಕ್ಕದ ಹುಡುಗಿಯೊಬ್ಬಳು ಹಿಂದಿನ ಸೀಟಿಗೆ ತಿರುಗಿ ತಿರುಗಿ ‘ಮಿಸ್, ಇನ್ನೆಷ್ಟು ದೂರ?’ ಎಂದು ಪೀಡಿಸುತ್ತಿದ್ದಳು.

ತಮ್ಮನೂ ಚಿಕ್ಕವನಾಗಿದ್ದಾಗ ಹಾಗೇ. ಅರಸೀಕೆರೆಯ ಸೋದರಮಾವನ ಮನೆಯಿಂದ ವಾಪಸು ಬರುವಾಗ ಅಮ್ಮ ಕಿಟಕಿಯ ಪಕ್ಕ, ಅವನು ನಡುವೆ, ನಾನು ತುದಿಗೆ. ಹತ್ತತ್ತು ನಿಮಿಷಕ್ಕೊಮ್ಮೆ ‘ಅಕ್ಕ, ಇನ್ನೆಷ್ಟು ದೂರ?’ ನನಗೋ ಮೈಲಿಗಲ್ಲು ಓದುವ ಹುಚ್ಚು. ‘ಇನ್ನು ಹದಿನಾಲ್ಕು’, ‘ಇನ್ನು ಹನ್ನೊಂದು’ ಎಂದು ಹೇಳುತ್ತಿದ್ದೆ. ಸಂಖ್ಯೆ ಕೇಳಿದಷ್ಟೂ ಅವನ ಮುಖ ಬಾಡುತ್ತಿತ್ತು. ಅಮ್ಮ ಮೊಣಕೈಯಿಂದ ತಿವಿದು, ‘ಬಂದೇ ಬಿಟ್ವಿ ಅನ್ನಬಾರದೇನೇ, ಮಗು ಅದು’ ಅನ್ನುತ್ತಿದ್ದಳು. ‘ಸುಳ್ಳು ಯಾಕಮ್ಮ ಹೇಳೋದು? ಇನ್ನೂ ಹನ್ನೊಂದು ಇದೆ’ ಎನ್ನುತ್ತಿದ್ದೆ.

ಒಮ್ಮೆ ಹಳೇಬೀಡಿನಲ್ಲಿ ಬಸ್ಸು ಕೆಟ್ಟುನಿಂತಾಗ ಅಮ್ಮ ನಮ್ಮನ್ನು ಬಸ್ತಿಹಳ್ಳಿಯ ಬಸದಿಗೆ ಕರೆದುಕೊಂಡು ಹೋಗಿದ್ದಳು. ಅಲ್ಲಿನ ಕರಿಕಲ್ಲಿನ ಕಂಬಗಳು ಕನ್ನಡಿಯಷ್ಟು ನುಣುಪು. ಒಂದರಲ್ಲಿ ಅವನ ಮುಖ ಉದ್ದಕ್ಕೆ ಎಳೆದಂತೆ ಕಂಡು, ‘ಅಕ್ಕ, ನಾನು ದೊಡ್ಡೋನಾಗ್ಬಿಟ್ಟೆ’ ಎಂದು ಕುಣಿದ. ಆಗ ಅವನಿಗೆ ಐದೋ ಆರೋ. ಎಳೆದರೂ ಬರಲೊಲ್ಲ. ಬಸ್ಸು ರಿಪೇರಿಯಾಗಿ ಹಾರ್ನ್ ಹೊಡೆದು ಹೊಡೆದು ಡ್ರೈವರ್ ಸುಸ್ತಾದ.

ಹಾಳಾದ ಬಸ್ಸಿನ ಕುಲುಕಾಟಕ್ಕೆ ಏನೇನೋ ನೆನಪಾಗುತ್ತದೆ. ವಿಜಯಣ್ಣನ ಹತ್ತಿರ ಸಾಮಾನಿನ ಪಟ್ಟಿ ಕೊಟ್ಟು ಬಂದೆ.

ನವೆಂಬರ್ 23, ಭಾನುವಾರ

ಪಕ್ಕದ ಮನೆಯ ಹೇಮಲತಾ ಮಸ್ಕತ್ತಿನಿಂದ ಬಂದಿದ್ದಾರೆ. ಕೊಬ್ಬರಿ ವ್ಯಾಪಾರದ ಷಡಕ್ಷರಪ್ಪನವರ ಹೆಂಡತಿ. ಮಗಳ ಬಾಣಂತನಕ್ಕೆ ಹೋಗಿದ್ದವರು. ಖರ್ಜೂರದ ಡಬ್ಬಿ ಹಿಡಿದು ಬಂದು, ಕೂತವರು ಎರಡು ಗಂಟೆ ಏಳಲಿಲ್ಲ.

‘ಬೆಳಗ್ಗೆ ಎಂಟಕ್ಕೆ ಏರೋಪ್ಲೇನು ಮೇಲೆದ್ದಿತು ಕಣ್ರೀ. ಹತ್ತು ಗಂಟೆಗೆಲ್ಲ ಮಸ್ಕತ್ತು!’

‘ಎರಡೇ ಗಂಟೇನಾ?’ ಅಂದೆ. ಇಲ್ಲಿಂದ ಬೆಂಗಳೂರಿನಷ್ಟೇ ಅಲ್ಲವೇ ಎಂದುಕೊಂಡೆ.

‘ಎಲ್ ಬಂತು ಎರಡು ಗಂಟೆ? ಮೂರೂವರೆ ಗಂಟೆ ಕೂತೂ ಕೂತೂ ಕಾಲು ಮರಗಟ್ಟೋಯ್ತು. ಅವರ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೈತೆ.’

‘ಟಿಕೆಟ್‌ನಲ್ಲಿ ಎಂಟು, ಹತ್ತು ಅಂತ ತಾನೇ ಇರೋದು?’

‘ಐತೆ. ಹೊರಡೋದು ನಮ್ ಗಡಿಯಾರ, ಇಳಿಯೋದು ಅವರ ಗಡಿಯಾರ. ವಾಪಸ್ ಬರೋ ಟಿಕೆಟ್ ನೋಡಿದ್ರೆ ಐದು ಗಂಟೆ ಬತ್ತದೆ. ಹೋಗೋ ದಾರಿ ಎರಡು ಗಂಟೆ, ಬರೋ ದಾರಿ ಐದು ಗಂಟೆ ಆಯ್ತದಾ? ಒಂದೇ ದಾರಿ ಕಣ್ರೀ! ರೈಲ್ವೆನೋರು ನೀವು, ನಿಮಗೇ ನಾನು ಹೇಳಿಕೊಡ್ಬೇಕಾ?’ ಎಂದು ತೊಡೆ ತಟ್ಟಿಕೊಂಡು ನಕ್ಕರು.

ನಾನೂ ನಕ್ಕೆ. ನಗುತ್ತಿದ್ದಂತೆಯೇ ಅಮ್ಮನ ಟಿಕೆಟ್ಟಿನ 7.10, 12.55 ನೆನಪಾಯಿತು. ಅವರು ಯಾವಾಗ ಎದ್ದು ಹೋದರೋ ತಿಳಿಯಲಿಲ್ಲ.

ನವೆಂಬರ್ 24, ಸೋಮವಾರ

ಅಮ್ಮನ ಟ್ರಂಕಿನಿಂದ ಆ ಟಿಕೆಟ್ ತೆಗೆದೆ. ಮಡಿಕೆಯ ಗೆರೆಗಳಲ್ಲಿ ಹರಿದಿದೆ. ಎಷ್ಟು ಸಲ ಬಿಚ್ಚಿ ನೋಡಿದ್ದಳೋ. 7.10, 12.55. ಅಕ್ಷರ ಮಾಸಿದ್ದರೂ ಕಾಣುತ್ತದೆ. ಅದರ ಕೆಳಗೆ ಸಣ್ಣದಾಗಿ ಇಂಗ್ಲಿಷಿನಲ್ಲಿ ಒಂದು ಸಾಲು: ಸಮಯಗಳೆಲ್ಲ ಆಯಾ ಊರಿನವು.

ಫೋನಿನಲ್ಲಿ ಹುಡುಕಿದೆ. ಎರಡು ವಿಮಾನ ನಿಲ್ದಾಣಗಳ ಹೆಸರು ಬರೆದರೆ ನಡುವಿನ ದೂರ, ಹಾರುವ ಹೊತ್ತು ಹೇಳುವ ಪುಟಗಳಿವೆ. ಬೆಂಗಳೂರು, ಲಂಡನ್. ಸುಮಾರು ಎಂಟು ಸಾವಿರ ಕಿಲೋಮೀಟರ್. ಹತ್ತು ಗಂಟೆಗೂ ಮೇಲೆ.

ಅಲ್ಲಿ ರಾತ್ರಿಯಾದರೆ ಇಲ್ಲಿ ಹಗಲು ಎನ್ನುವುದು ನನಗೆ ಗೊತ್ತಿರಲಿಲ್ಲವೇ? ಮೂರನೇ ಕ್ಲಾಸಿನ ಮಗುವಿಗೂ ಗೊತ್ತು. ಆದರೆ ಅದು ತಲೆಯ ಒಂದು ಗೂಡಿನಲ್ಲಿತ್ತು, ಟಿಕೆಟ್ಟಿನ ಲೆಕ್ಕ ಇನ್ನೊಂದು ಗೂಡಿನಲ್ಲಿತ್ತು. ರೈಲಿನಲ್ಲಿ ಕನ್ಯಾಕುಮಾರಿಯಿಂದ ಜಮ್ಮುವಿನ ತನಕ ಒಂದೇ ಗಡಿಯಾರ. ಮೂವತ್ತಾರು ವರ್ಷ ಅದೇ ಗಡಿಯಾರದ ಕೆಳಗೆ ಕೂತು ಕಳೆದವಳು, ಆ ಟಿಕೆಟ್ಟನ್ನೂ ಹಾಗೇ ಕಳೆದುಬಿಟ್ಟೆ.

ಆ ದಿನವನ್ನು ಮತ್ತೆ ಸರಿಯಾಗಿ ಲೆಕ್ಕ ಹಾಕಿದೆ. ಹಾಕದಿದ್ದರೆ ಚೆನ್ನಾಗಿತ್ತು.

ನಾನು ಬೆಳಗಿನ ಐದೂವರೆಗೆ ಫೋನ್ ಮಾಡಿದಾಗ ಅವನಿಗೆ ನಡುರಾತ್ರಿ. ನೇರ ವಿಮಾನ ಅಲ್ಲಿನ ಮಧ್ಯಾಹ್ನ ಹನ್ನೆರಡಕ್ಕೆ, ಅಂದರೆ ನಮಗೆ ಸಂಜೆ ಐದೂವರೆ. ನಾಲ್ಕು ಇಪ್ಪತ್ತಕ್ಕೆ ಅವನು ನಿಲ್ದಾಣದಲ್ಲಿ ನಿಂತಿದ್ದು ಹೊರಡದೆ ಅಲ್ಲ. ಹೊರಟು, ಹತ್ತಲು ಕಾಯುತ್ತ ನಿಂತಿದ್ದ. ಆ ಗಾಡಿ ಹಿಡಿದರೂ ಬೇಲೂರಿಗೆ ಬರುವುದು ಮರುದಿನ ಬೆಳಿಗ್ಗೆ ಒಂಬತ್ತು ಹತ್ತಕ್ಕೆ. ಯಾವ ಲೆಕ್ಕದಲ್ಲೂ ಅವನು ನಾಲ್ಕೂಕಾಲಿಗೆ ಬರುವಂತೆಯೇ ಇರಲಿಲ್ಲ. ದೇವರನ್ನು ಉಪವಾಸ ಕೆಡವಿದ್ದು ಅವನಲ್ಲ. ಬರುತ್ತಿದ್ದವನನ್ನು ಬರಬೇಡ ಎಂದಿದ್ದು ನಾನು.

ನವೆಂಬರ್ 27, ಗುರುವಾರ

ಹತ್ತನೇ ತಾರೀಖು ಬರೆದಿದ್ದ ದೂರನ್ನು ಹರಿದುಹಾಕೋಣವೆಂದು ಪುಟ ಹಿಡಿದೆ. ಹರಿಯಲಿಲ್ಲ. ಇರಲಿ, ನನ್ನ ಮೇಲೇ ದೂರು ಅದು.

ನವೆಂಬರ್ 30, ಭಾನುವಾರ

ಅವನೇ ಫೋನ್ ಮಾಡಿದ್ದ. ಎಂಟು ವರ್ಷ ದೀಪಾವಳಿಗೊಮ್ಮೆ ‘ಚೆನ್ನಾಗಿದೀಯಾ’, ‘ಹ್ಞೂಂ’ ಇಷ್ಟೇ ನಮ್ಮ ಮಾತು. ಹೇಳಿಬಿಡಬೇಕೆಂದು ಬಾಯಿ ತೆರೆದೆ. ಬಂದದ್ದು, ‘ಇಲ್ಲಿ ಬೆಳಿಗ್ಗೆ ಹೊತ್ತು ಚಳಿ ಜಾಸ್ತಿ, ಸ್ವೆಟರ್ ತಗೊಂಡು ಬಾ’ ಎಂದು. ಲಂಡನ್ನಿನಲ್ಲಿ ಇರುವವನಿಗೆ ಬೇಲೂರಿನ ಚಳಿಯ ಎಚ್ಚರಿಕೆ ಹೇಳಿದೆ! ಅವನು ನಗಲಿಲ್ಲ. ‘ಆಯ್ತಕ್ಕ, ತರ್ತೀನಿ’ ಅಂದ. ಅಲ್ಲೂ ಚಳಿಯಿರಬೇಕು.

ನಿಲ್ದಾಣದಲ್ಲಿ ದಿನಕ್ಕೆ ಇಪ್ಪತ್ತು ಸಲ ‘ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ’ ಎಂದ ಬಾಯಿ ಇದು. ಯಾರ ಯಾರ ತಡಕ್ಕೋ ನಾನು ವಿಷಾದಿಸಿದ್ದೇನೆ. ಮನೆಯವರೆದುರು ಒಂದೇ ಒಂದು ಸಲ ಬಾರದು.

ಡಿಸೆಂಬರ್ 6, ಶನಿವಾರ

ಎಳ್ಳು ಹುರಿದೆ. ಹೇಮಲತಾ ಅವರ ಮನೆಯಿಂದ ಒಳ್ಳೆಯ ಕೊಬ್ಬರಿ ತಂದು ತುರಿದು ಉಂಡೆ ಕಟ್ಟಿದೆ. ಯೋಗಿಗೆ ಬೆಲ್ಲ ಮುಂದಿರಬೇಕು. ಅಮ್ಮನ ಹಳೆಯ ಸೀರೆಗಳನ್ನು ಸೇರಿಸಿ ಹೊಲಿದ ಕೌದಿಯನ್ನು ಒಗೆದು ಬಿಸಿಲಿಗೆ ಹಾಕಿದೆ. ಹೇಗೂ ಒಗೆಯಬೇಕಾಗಿತ್ತು. ಗಂಡಸಿ ಊರಿನ ಬಸವಕುಮಾರನ ಕಾರು ಗೊತ್ತುಮಾಡಿದೆ, ನಾಲ್ಕು ಗಂಟೆಗೇ ವಿಮಾನ ನಿಲ್ದಾಣದಲ್ಲಿ ಇರಬೇಕೆಂದು ತಾಕೀತು ಮಾಡಿದೆ. ‘ಅಷ್ಟ್ ಬೇಗ ಯಾಕಮ್ಮ, ಅವರು ಹೊರಗೆ ಬರೋದೇ ಐದೂವರೆ ಆಯ್ತದೆ’ ಅಂದ. ‘ಆಗಲಿ. ಗಾಡಿ ಬರೋದಕ್ಕೆ ಮುಂಚೆ ನಾವಿರಬೇಕು’ ಅಂದೆ.

ಡಿಸೆಂಬರ್ 11, ಗುರುವಾರ, ಬೇಲೂರು

ಸಂಜೆ ಐದು ಹತ್ತಕ್ಕೆ ಯೋಗಿಯ ಸಂದೇಶ: ‘ಹತ್ತಿದೆ ಅಕ್ಕ.’ ಅಲ್ಲಿನ ಗಡಿಯಾರದಲ್ಲಿ ಹನ್ನೊಂದು ನಲವತ್ತು. ಈಗ ನನ್ನ ಕೈಗಡಿಯಾರ ನೋಡಿದ ಕೂಡಲೇ ಅಲ್ಲಿನ ಹೊತ್ತು ತಾನಾಗಿ ತಲೆಗೆ ಬರುತ್ತದೆ.

ಡಿಸೆಂಬರ್ 12, ಶುಕ್ರವಾರ, ಬೇಲೂರು

ಎಲ್ಲ ಮುಗಿದ ಮೇಲೆ, ದೀಪ ಹಚ್ಚಿ ಬಂದು ಬರೆಯುತ್ತಿದ್ದೇನೆ.

ಬೆಳಿಗ್ಗೆ ಆರು ಹತ್ತಕ್ಕೆ ಫೋನು. ‘ಅಕ್ಕ, ಬೆಂಗಳೂರಲ್ಲಿ ಮಂಜು, ರನ್‌ವೇನೇ ಕಾಣ್ತಿಲ್ವಂತೆ. ಚೆನ್ನೈಗೆ ತಂದು ಇಳಿಸಿದಾರೆ. ವಿಮಾನದೊಳಗೇ ಕೂರಿಸಿದಾರೆ. ಯಾವಾಗ ಬಿಡ್ತಾರೋ ಗೊತ್ತಿಲ್ಲ.’ ಮತ್ತೆ ಅವನೇ ಅಂದ, ‘ನೀವು ಕಾಯ್ಬೇಡಿ. ವಿಜಯಣ್ಣನ ಕೈಲಿ ಮಾಡಿಸಿಬಿಡಿ. ಮತ್ತೆ ನನ್ನಿಂದ ಎಲ್ಲರೂ...’

‘ಕಾಯ್ತೀನಿ’ ಅಂದೆ. ‘ಎಷ್ಟೊತ್ತಾದ್ರೂ ಕಾಯ್ತೀನಿ. ನೀನು ಬಾ.’

ಎಂಟು ನಲವತ್ತಕ್ಕೆ ಬೆಂಗಳೂರಿನಲ್ಲಿ ಇಳಿದ. ಪೆಟ್ಟಿಗೆ ಸಿಕ್ಕಿ ಕಾರು ಹೊರಟಾಗ ಹತ್ತಕ್ಕೆ ಐದು ನಿಮಿಷ. ಐದು ಗಂಟೆ ಹಿಡಿದರೆ ಎರಡು ಐವತ್ತೈದು. ತಿಥಿ ಮಾಡುವ ಹೊತ್ತು ಮೂರೂಮುಕ್ಕಾಲಿಗೆ ಮುಗಿಯುತ್ತದೆ. ಐವತ್ತು ನಿಮಿಷ ಕೈಯಲ್ಲಿದೆ.

ಅಡುಗೆಯಾಗಿತ್ತು. ತಿಥಿಯ ಊಟಕ್ಕೆ ಕರೆದಿದ್ದ ಇಬ್ಬರು ಹಿರಿಯರು ಒಂದು ಗಂಟೆಗೆ ಬಂದು ಕಂಬಕ್ಕೆ ಒರಗಿ ಕೂತರು. ಇಬ್ಬರಿಗೂ ಬೆಳಗಿನಿಂದ ನೀರಷ್ಟೇ. ರಘುರಾಮ ಭಟ್ಟರು ಒಂದೂವರೆಗೆ ಬಂದರು. ಅವರಿಗೂ ವಯಸ್ಸಾಗಿದೆ, ಕೋಲು ಹಿಡಿದಿದ್ದಾರೆ. ಎರಡಾಯಿತು. ಎರಡೂಕಾಲಾಯಿತು.

‘ಕೋಮಲ, ವಿಜಯಸಾರಥಿ ಕೂತ್ಕೊಳ್ಳಲಿ. ಹೊತ್ತು ಮೀರಿದ್ರೆ ಯಾರು ಮಾಡಿಯೂ ಪ್ರಯೋಜನವಿಲ್ಲ’ ಅಂದರು. ಆಮೇಲೆ ಮೆಲ್ಲಗೆ, ‘ಅವತ್ತೂ ಹಿಂಗೇ ಕಾಯಿಸಿದ್ದೆ ನೀನು’ ಅಂದರು. ವಿಜಯಣ್ಣ ನೆಲ ನೋಡುತ್ತಿದ್ದ.

ಅವತ್ತಿನ ಹಾಗೆ ತಲೆ ತಗ್ಗಿಸಬೇಕಾಗಿತ್ತು. ನನಗೇನಾಯಿತೋ, ನಡುಮನೆಯ ಮಧ್ಯೆ ಎದ್ದು ನಿಂತೆ. ನಿವೃತ್ತಳಾದ ಮೇಲೆ ಎರಡು ವರ್ಷದಿಂದ ಬಾಯಿಗೆ ಬಾರದ ದನಿ ತಾನಾಗಿ ಬಂತು.

‘ಪ್ರಯಾಣಿಕರು ದಯವಿಟ್ಟು ಗಮನಿಸಬೇಕು. ಲಂಡನ್ನಿನಿಂದ ಬೆಂಗಳೂರು ಮಾರ್ಗವಾಗಿ ಬೇಲೂರಿಗೆ ಬರಬೇಕಾದ ಯೋಗನರಸಿಂಹ, ನಿಗದಿತ ಸಮಯಕ್ಕಿಂತ ನಾಲ್ಕು ಗಂಟೆ ಇಪ್ಪತ್ತೈದು ನಿಮಿಷ ತಡವಾಗಿ, ಮಧ್ಯಾಹ್ನ ಎರಡು ಐವತ್ತೈದಕ್ಕೆ ಬಂದು ಸೇರುತ್ತಾನೆ. 2017ರಲ್ಲಿ ಆದ ತಡಕ್ಕೆ ಅವನು ಕಾರಣನಲ್ಲ. ವಿಚಾರಣೆಯವರ ಲೆಕ್ಕ ತಪ್ಪಿತ್ತು. ನಿಮಗಾದ ಅನಾನುಕೂಲಕ್ಕಾಗಿ...’

ಅಲ್ಲಿಗೆ ದನಿ ಒಡೆಯಿತು. ಕಂಬಕ್ಕೆ ಒರಗಿದ್ದ ಹಿರಿಯರೊಬ್ಬರು ಫಕ್ಕನೆ ನಕ್ಕುಬಿಟ್ಟರು. ಭಟ್ಟರು ನಗಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದು, ಕೋಲನ್ನು ಗೋಡೆಗೆ ಒರಗಿಸಿ ಮತ್ತೆ ಕೂತರು. ‘ಎರಡು ಐವತ್ತೈದು ತಾನೇ? ನೋಡೇಬಿಡೋಣ’ ಅಂದರು.

ಮೂರು ಗಂಟೆ ಎರಡು ನಿಮಿಷಕ್ಕೆ ಬಾಗಿಲಲ್ಲಿ ಕಾರು ನಿಂತಿತು. ಯೋಗಿಯ ತಲೆಯೆಲ್ಲ ಬೆಳ್ಳಗಾಗಿದೆ. ಆ ಬಿಸಿಲಿನಲ್ಲೂ ಸ್ವೆಟರ್ ಹಾಕಿಕೊಂಡಿದ್ದ, ಪೆದ್ದ. ಕಾಲಿಗೆ ಬೀಳಲು ಬಗ್ಗಿದವನ ಭುಜ ಹಿಡಿದು, ‘ಮೊದಲು ಸ್ನಾನ, ಬಾವಿಯಿಂದ ಸೇದಿಟ್ಟಿದೀನಿ’ ಅಂದೆ. ಹೊತ್ತಿನೊಳಗೆ ಎಲ್ಲ ಆಯಿತು.

ಸಂಜೆ ಜಗಲಿಯ ಮೇಲೆ ಕೂತು ಹೇಳಿದೆ. 7.10, 12.55, ಕಳೆದದ್ದು, ಅಮ್ಮನಿಗೆ ಹೇಳಿದ್ದು, ಆ ದಿನ ಕಾದದ್ದು, ಎಲ್ಲ. ‘ತಪ್ಪು ನಂದು ಕಣೋ. ಬರ್ತಿದ್ದೋನನ್ನ ನಾನೇ ತಡೆದೆ’ ಅಂದೆ.

‘ತಡೆಯಲಿಲ್ಲ ಅಕ್ಕ ನೀನು. ನಾನು ಬಂದಿದ್ದೆ’ ಅಂದ.

ಬರಬೇಡ ಎಂದ ಮೇಲೂ ಅವನು ವಿಮಾನ ಹತ್ತಿದ್ದನಂತೆ. ಬೆಳಗಿನ ಜಾವ ಬೆಂಗಳೂರು. ರೈಲಿನಲ್ಲಿ ಅರಸೀಕೆರೆ. ಪ್ಲಾಟ್‌ಫಾರಂನಲ್ಲಿ ಇಳಿದಾಗ ಮೈಕಿನಲ್ಲಿ ಬೇರೆ ಯಾರದೋ ದನಿ ಕೇಳಿ, ಅಕ್ಕ ಬೇಲೂರಿನಲ್ಲೇ ಇದ್ದಾಳೆಂದು ಗೊತ್ತಾಯಿತಂತೆ. ಬಸ್ಸು ಹತ್ತಿ ಹಳೇಬೀಡಿನವರೆಗೂ ಬಂದ. ಬಾಗಿಲು ತೆಗೆಯಲ್ಲ ಎಂದಿದ್ದೆನಲ್ಲ, ಅದು ಕಿವಿಯಲ್ಲೇ ಇತ್ತು. ‘ನೀನು ನಿಜವಾಗ್ಲೂ ತೆಗೀದೇ ಇದ್ರೆ, ಆಮೇಲೆ ನಂಗೆ ಊರೇ ಇಲ್ಲ ಅಂತಾಗುತ್ತಲ್ಲ ಅಕ್ಕ. ಅಲ್ಲೇ ಇಳಿದ್ಬಿಟ್ಟೆ.’ ಕೆರೆಯಲ್ಲಿ ಮುಳುಗೆದ್ದು, ಅಮ್ಮನ ಹೆಸರಿಗೆ ನೀರು ಬಿಟ್ಟು, ಬಸ್ತಿಹಳ್ಳಿಯ ಬಸದಿಯಲ್ಲಿ ಆ ಕಂಬದ ಹತ್ತಿರ ಸಂಜೆಯ ತನಕ ಕೂತಿದ್ದನಂತೆ. ಸಂಜೆಯ ಬಸ್ಸಿಗೆ ಅರಸೀಕೆರೆಗೆ ವಾಪಸಾದ. ಯಾರಿಗೂ ಹೇಳಿಲ್ಲ.

‘ಎಂಟು ಸಾವಿರ ಕಿಲೋಮೀಟರ್ ಬಂದೆ. ಕೊನೇ ಹದಿನಾರು ಆಗ್ಲಿಲ್ಲ’ ಅಂದ.

ಹದಿನಾರು ಕಿಲೋಮೀಟರ್. ಬಸ್ಸಿನಲ್ಲಿ ಮೂವತ್ತೈದು ನಿಮಿಷ. ಆ ಮೂವತ್ತೈದು ನಿಮಿಷದ ಆಚೆ ನನ್ನ ತಮ್ಮ ಒದ್ದೆ ಪಂಚೆಯಲ್ಲಿ ಕೂತಿದ್ದಾಗ ನಾನು ಇದೇ ಜಗಲಿಯ ಮೇಲೆ ಕೂತು ಅವನನ್ನು ಬೈಯುತ್ತಿದ್ದೆ. ಅವನನ್ನು ಹಿಡಿದುಕೊಂಡು ಅತ್ತೆ. ಅಮ್ಮ ಹೋದ ದಿನ ಕೋಪದಲ್ಲಿ ಅಳುವುದನ್ನೇ ಮರೆತಿದ್ದೆನೇನೋ, ಅದೂ ಸೇರಿ ಬಂತು.

ಡಿಸೆಂಬರ್ 14, ಭಾನುವಾರ, ಬೇಲೂರು

ಬೆಳಿಗ್ಗೆ ತಿಂಡಿಯಾದ ಮೇಲೆ ‘ನಡಿ, ಹಳೇಬೀಡಿಗೆ ಹೋಗಿ ಬರೋಣ’ ಅಂದೆ. ವಿಜಯಣ್ಣ ‘ಬಸವಕುಮಾರನ ಕಾರಿಗೆ ಹೇಳ್ಲಾ?’ ಅಂದ. ಬಸ್ಸೇ ಸಾಕು ಅಂದೆ.

ಬಸ್ತಿಹಳ್ಳಿಯಲ್ಲಿ ಜನವಿರಲಿಲ್ಲ. ಕಂಬದ ಮುಂದೆ ನಿಂತ. ನಾನೂ ಪಕ್ಕದಲ್ಲಿ ನಿಂತೆ. ಇಬ್ಬರು ಮುದುಕರು ಉದ್ದಕ್ಕೆ ಎಳೆದಂತೆ ಕಂಡೆವು. ‘ದೊಡ್ಡೋನಾಗ್ಬಿಟ್ಯಲ್ಲೋ’ ಅಂದೆ. ಜೋರಾಗಿ ನಕ್ಕ. ಕಾವಲಿನವನು ತಿರುಗಿ ನೋಡಿದ.

ಎಳ್ಳುಂಡೆ ಕಟ್ಟಿಕೊಂಡು ಹೋಗಿದ್ದೆ. ಬಸದಿಯ ಮೆಟ್ಟಿಲ ಮೇಲೆ ಕೂತು ತಿಂದೆವು. ಬೆಲ್ಲ ಸ್ವಲ್ಪ ಕಮ್ಮಿ ಎಂದು ತಗಾದೆ ತೆಗೆದ. ದೇವರಿಗೇ ಅಡುಗೆ ಮಾಡುವವನಂತೆ, ನಾಲಿಗೆ ಮಾತ್ರ ಐದು ವರ್ಷದ್ದೇ.

ಹನ್ನೆರಡರ ಬಸ್ಸು. ಕಂಡಕ್ಟರಿಗೆ ನಾನೇ ‘ಎರಡು ಬೇಲೂರು’ ಅಂದೆ. ಅವನನ್ನು ಕಿಟಕಿಯ ಪಕ್ಕ ಕೂರಿಸಿದೆ. ಮೊದಮೊದಲು ಹೊಲ, ತೆಂಗಿನ ಸಾಲು ನೋಡುತ್ತ ಏನೇನೋ ಹೇಳುತ್ತಿದ್ದವನು ಬರಬರುತ್ತ ಮಾತು ನಿಲ್ಲಿಸಿದ. ಮುಂದಿನ ಸೀಟಿನ ಸರಳನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ನಾನು ಅವನ ಕೈ ಮೇಲೆ ಕೈಯಿಟ್ಟೆ.

‘ಅಕ್ಕ’ ಅಂದ, ಕಿಟಕಿಯಿಂದ ಮುಖ ತಿರುಗಿಸದೆ. ‘ಇನ್ನೆಷ್ಟು ದೂರ?’

ಅಷ್ಟರಲ್ಲೇ ಕಲ್ಲೊಂದು ಹಿಂದೆ ಸರಿದಿತ್ತು. ಓದಿದ್ದೆ, ಬೇಲೂರು ಹನ್ನೊಂದು.

‘ಬಂದೇ ಬಿಟ್ವಿ ಕಣೋ’ ಅಂದೆ.